ಆ ಮೂತ್ರದ ವರದಿ ನಿನ್ನೆಯದು

ನಿದ್ದೆ ಬರುವುದಿಲ್ಲವೆಂದು ಬರುವ ಹೆಣ್ಣುಮಕ್ಕಳಲ್ಲಿ ಈಗೀಗ ಕೆಲವರು ಲ್ಯಾಬ್ ವರದಿಯೊಂದನ್ನು ಹಿಡಿದೇ ಬರುತ್ತಾರೆ: ಮೂತ್ರದಲ್ಲಿ ಪ್ಲಾಸ್ಟಿಕ್ಕಿನ ಬಿಸ್ಫೆನಾಲ್ ಎ (ಬಿಪಿಎ) ಇಷ್ಟು, ಪ್ಲಾಸ್ಟಿಕ್ ಮೆದುಗೊಳಿಸುವ ಥಾಲೇಟ್ ಇಷ್ಟು, ಕ್ರೀಮು ಕೆಡದಂತೆ ಹಾಕುವ ಪ್ಯಾರಾಬೆನ್ ಇಷ್ಟು. ನಿದ್ದೆ ಕೆಡಿಸುತ್ತಿರುವುದು ಇವೇ ಎಂಬ ನಂಬಿಕೆ ಅವರದು. ಜೊತೆಗೆ, ಇವನ್ನು ಮೈಯಿಂದ ಹೊರಹಾಕುತ್ತದೆಂದು ಕೊಂಡ ಒಂದು ಡಿಟಾಕ್ಸ್ ಪುಡಿಯ ಡಬ್ಬಿ. ಅದಕ್ಕೆ ಸುರಿದ ದುಡ್ಡು ನೆನೆದರೆ ಸಂಕಟವಾಗುತ್ತದೆ.

ಬಿಸ್ಫೆನಾಲ್ ಎ ಹೊಟ್ಟೆಗೆ ಹೋದರೆ ಯಕೃತ್ತು ಅದನ್ನು ಮಾರ್ಪಡಿಸಿ ಮೂತ್ರಕ್ಕೆ ದಾಟಿಸುತ್ತದೆ. ಸುಮಾರು 6 ಗಂಟೆಯಲ್ಲಿ ಅರ್ಧ, 24 ಗಂಟೆಯೊಳಗೆ ಬಹುಪಾಲು ಹೊರಗೆ. ಥಾಲೇಟ್, ಪ್ಯಾರಾಬೆನ್‌ಗಳೂ ಹೆಚ್ಚುಕಡಿಮೆ ಹೀಗೆಯೇ. ಅಂದರೆ ನಿಮ್ಮ ಕೈಯಲ್ಲಿರುವ ಅಂಕಿ ಪರೀಕ್ಷೆಯ ಹಿಂದಿನ ದಿನದ್ದು. ನಾಳೆ ಇನ್ನೊಮ್ಮೆ ಕೊಟ್ಟರೆ ಬೇರೆಯೇ ಬರುತ್ತದೆ. ತಿಂಗಳುಗಟ್ಟಲೆ ಕೆಟ್ಟ ನಿದ್ದೆಗೆ ಒಂದು ದಿನದ ಅಂಕಿಯನ್ನು ಹೊಣೆ ಮಾಡಲಾಗದು. ಮೂತ್ರದಲ್ಲಿ ಸಿಕ್ಕಿತೆಂದರೆ ದೇಹ ಅದನ್ನು ಹೊರಹಾಕುತ್ತಿದೆ ಎಂದೇ ಅರ್ಥ. ಪುಡಿಗೆ ಅಲ್ಲಿ ಕೆಲಸವಿಲ್ಲ.

ಇವುಗಳಿಗೂ ನಿದ್ದೆಗೂ ನಂಟು ಕಂಡ ಅಧ್ಯಯನಗಳಿವೆ, ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚಿನವು ಒಂದೇ ಸಲ ಅಳೆದವು. ನಿದ್ದೆಗೆಟ್ಟವರು ಪೊಟ್ಟಣದ ತಿಂಡಿ ಹೆಚ್ಚು ತಿಂದು ಅಂಕಿ ಏರಿರಲೂಬಹುದು.

ಇವು ಮೈಗೆ ಸೇರುವುದನ್ನು ಕಡಿಮೆ ಮಾಡಿಕೊಳ್ಳುವುದು ಸುಲಭ. ಬಿಸಿ ಊಟ, ಎಣ್ಣೆ ಪದಾರ್ಥ ಪ್ಲಾಸ್ಟಿಕ್‌ಗೆ ಹಾಕಬೇಡಿ, ಅದರಲ್ಲಿ ಬಿಸಿಮಾಡಲೂಬೇಡಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಬಿಲ್ ಚೀಟಿ ಹಿಡಿಯಬೇಡಿ. ಥರ್ಮಲ್ ಕಾಗದದ ಬಿಸ್ಫೆನಾಲ್ ಆಗ ಚರ್ಮದೊಳಗೆ ಬೇಗ ಇಳಿಯುತ್ತದೆ. ‘ಬಿಪಿಎ ಇಲ್ಲ’ ಎಂಬ ಬಾಟಲಿಯಲ್ಲಿ ಅದರದೇ ಸೋದರ ಬಿಪಿಎಸ್ ಇರಬಹುದು. ಸ್ಟೀಲು, ಗಾಜು ಸಾಕು.

ನಿದ್ದೆ ಕೆಡಿಸುತ್ತದೆಂದು ಅನುಮಾನವಿಲ್ಲದೆ ಹೇಳಬಹುದಾದ ದಿನಬಳಕೆಯ ರಾಸಾಯನಿಕ ಕೆಫೀನ್. ಅದನ್ನು ಮಾತ್ರ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ! ಸಾಮಾನ್ಯವಾಗಿ ಸುಮಾರು 5 ಗಂಟೆಯಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಅವಧಿ ಹೆಚ್ಚುಕಡಿಮೆ ಇಮ್ಮಡಿ, ತುಂಬು ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ಮಾತ್ರೆಯಲ್ಲಿರುವವರು ಸಂಜೆ 4ಕ್ಕೆ 100 ಮಿಲಿಗ್ರಾಂ ಕೆಫೀನ್ ಇರುವ ಕಾಫಿ ಕುಡಿದರೆ ನಡುರಾತ್ರಿ 2 ಗಂಟೆಗೂ 50 ಮಿಲಿಗ್ರಾಂನಷ್ಟು ಉಳಿದಿರುತ್ತದೆ. ಎರಡು ವಾರ ಮಧ್ಯಾಹ್ನದ ಮೇಲೆ ಕಾಫಿ, ಟೀ ಬಿಟ್ಟು ನೋಡಿ. ತಲೆನೋವು ಬಂದೀತು, ಹಾಗಾಗಿ ದಿನಕ್ಕೆ ಅರ್ಧರ್ಧ ಲೋಟ ಇಳಿಸಿ.

ಪರೀಕ್ಷೆ ಮಾಡಿಸಲೇಬೇಕೆಂದರೆ ಫೆರಿಟಿನ್ (ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆಯೆಂದು ತೋರಿಸುವ ರಕ್ತಪರೀಕ್ಷೆ) ಮತ್ತು ಥೈರಾಯ್ಡ್ ಮಾಡಿಸಿ. ಮುಟ್ಟಿನ ಸ್ರಾವ ಹೆಚ್ಚಿದ್ದು, ಮಲಗಿದೊಡನೆ ಕಾಲು ಅಲ್ಲಾಡಿಸಲೇಬೇಕು ಅನ್ನಿಸುತ್ತಿದ್ದರೆ ಹಿಮೋಗ್ಲೋಬಿನ್ ಸರಿಯಿದೆಯೆಂದು ಸುಮ್ಮನಾಗಬೇಡಿ. ಆ ಕಾಲಿನ ತೊಂದರೆಯಲ್ಲಿ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣಾಂಶ ಕೊಡುವುದನ್ನು ವೈದ್ಯರು ಯೋಚಿಸುತ್ತಾರೆ. ನೀವೇ ಮಾತ್ರೆ ತಂದು ನುಂಗಬೇಡಿ.