ವಿಮಾನ ನೋಡಿ ಕೋರ್ಸ್ ಆರಿಸಬೇಡಿ

ಪ್ರವೇಶದ ಪಟ್ಟಿ ಬಂದ ವಾರ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತು. ‘ಸರ್, ಏರೋಸ್ಪೇಸ್ ಸಿಗಲಿಲ್ಲ, ಓಷನ್ ಎಂಜಿನಿಯರಿಂಗ್ ಸಿಕ್ಕಿದೆ. ಒಂದು ವರ್ಷ ಕಾದು ಮತ್ತೆ ಅರ್ಜಿ ಹಾಕಲಾ?’ ದನಿ ಕೇಳಿದರೆ ಏನೋ ಅನಾಹುತ ಆದಂತಿರುತ್ತದೆ. ಚುರುಕಾದ ಮಕ್ಕಳು, ಗಣಿತ ಚೆನ್ನಾಗಿ ಬರುತ್ತದೆ. ಇವರಿಗೆ ಯಾರೂ ಬಿಡಿಸಿ ಹೇಳಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಏರೋಸ್ಪೇಸ್ ಎಂದರೆ ವಿಮಾನ, ಓಷನ್ ಎಂದರೆ ಹಡಗು ಎಂದುಕೊಂಡಿರುತ್ತಾರೆ. ಆದರೆ ನೀವು ಓದುವುದು ವಿಮಾನವನ್ನಲ್ಲ, ಹಡಗನ್ನೂ ಅಲ್ಲ. ಹರಿಯುವ ವಸ್ತು ಗಟ್ಟಿ ವಸ್ತುವನ್ನು ಹೇಗೆ ತಳ್ಳುತ್ತದೆ, ತಳ್ಳಿದಾಗ ಅದರ ಗೋಡೆ ಎಷ್ಟು ಬಾಗುತ್ತದೆ, ಅಲುಗಾಡುವ ವಾಹನವನ್ನು ಹಿಡಿತದಲ್ಲಿ ಇಡುವುದು ಹೇಗೆ, ಇದೇ ಓದು. ಹರಿವನ್ನು ಲೆಕ್ಕ ಹಾಕಲು ಗಾಳಿಗೂ ನೀರಿಗೂ ಅದೇ ನೇವಿಯರ್-ಸ್ಟೋಕ್ಸ್ ಸಮೀಕರಣ. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಏರೋಸ್ಪೇಸ್, ಓಷನ್ ಎರಡೂ ಒಂದೇ ವಿಭಾಗದಲ್ಲಿವೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ವಿಮಾನ ಸಂಶೋಧನಾ ಸಂಸ್ಥೆ ನಾಕಾ ವಿಮಾನದ ರೆಕ್ಕೆಗೆಂದು ಪರೀಕ್ಷಿಸಿದ ಆಕಾರಗಳನ್ನು ಹಡಗಿನ ಚುಕ್ಕಾಣಿಗೆ ಇವತ್ತಿಗೂ ಬಳಸುತ್ತಾರೆ. ಚುಕ್ಕಾಣಿಯೂ ನೀರಿನಲ್ಲಿ ನೆಟ್ಟಗೆ ನಿಂತ ರೆಕ್ಕೆಯೇ ಅಲ್ವಾ?

ನಾನು ಪ್ರತಿ ತಂಡಕ್ಕೂ ಹೇಳುವ ಕತೆಯೊಂದಿದೆ. ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್ 1952ರಲ್ಲಿ ಸೇವೆಗೆ ಬಂತು. 1954ರಲ್ಲಿ ಎರಡು ಕಾಮೆಟ್‌ಗಳು ಕೆಲವೇ ತಿಂಗಳ ಅಂತರದಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದು ಬಿದ್ದವು. ಕಾರಣ ಹುಡುಕಲು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಳಗೂ ನೀರು ತುಂಬಿ, ಒತ್ತಡವನ್ನು ಏರಿಸಿ ಇಳಿಸಿ ಪರೀಕ್ಷಿಸಿದರು. ಗಾಳಿ ತುಂಬಿದ್ದರೆ ಬಿರುಕು ಬಿಟ್ಟ ಕೂಡಲೇ ಅದು ಬಾಂಬಿನಂತೆ ಸಿಡಿಯುತ್ತಿತ್ತು. ನೀರು ಹಾಗೆ ಕುಗ್ಗಿ ಹಿಗ್ಗುವುದಿಲ್ಲ. ಬಿರುಕು ಹುಟ್ಟಿದ್ದು ಒಡಲಿನಲ್ಲಿ ಕೊರೆದ ತೆರಪಿನ ಮೂಲೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ ಲಿಬರ್ಟಿ ಸರಕು ಹಡಗುಗಳ ಬಿರುಕುಗಳಲ್ಲೂ ಎಷ್ಟೋ ಹುಟ್ಟಿದ್ದು ಡೆಕ್ಕಿನ ಚೌಕ ಬಾಯಿಯ ಮೂಲೆಗಳಲ್ಲೇ. ಅಲ್ಲಿ ಚಳಿಗೆ ಉಕ್ಕು ಪೆಡಸಾಗುತ್ತಿತ್ತು, ಇಲ್ಲಿ ಮತ್ತೆ ಮತ್ತೆ ಬಿದ್ದ ಒತ್ತಡಕ್ಕೆ ಲೋಹ ದಣಿದಿತ್ತು. ಸೋತ ರೀತಿ ಬೇರೆ. ಮೂಲೆಯಲ್ಲಿ ಸ್ಟ್ರೆಸ್ (ವಸ್ತುವಿನೊಳಗಿನ ಬಿಗಿತ) ಒಟ್ಟುಗೂಡುತ್ತದೆ ಎಂಬ ಪಾಠ ಒಂದೇ.

ಹಾಗಂತ ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನೀರು ಗಾಳಿಗಿಂತ 800 ಪಟ್ಟು ದಟ್ಟ. ಜಲಾಂತರ್ಗಾಮಿ ವೇಗ ಹೆಚ್ಚಿಸಿಕೊಳ್ಳುವಾಗ ಸುತ್ತಲಿನ ನೀರನ್ನೂ ಜೊತೆಗೆ ತಳ್ಳಬೇಕು. ಆ ಹೆಚ್ಚಿನ ಭಾರವನ್ನು ಲೆಕ್ಕದಿಂದ ಬಿಟ್ಟರೆ ಉತ್ತರವೇ ತಪ್ಪು. ವಿಮಾನದಲ್ಲಿ ಸಾಮಾನ್ಯವಾಗಿ ಅದು ನಗಣ್ಯ. ಕ್ಯಾಬಿನ್ನಿನ ಒತ್ತಡ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಅದೂ ಒಂದು ವಾಯುಭಾರಕ್ಕಿಂತ (ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ) ಕಡಿಮೆ. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಸುಮಾರು ಒಂದು ವಾಯುಭಾರ ಏರುತ್ತದೆ. 6,000 ಮೀಟರ್ ಆಳದಲ್ಲಿ 600, ಅದೂ ಹೊರಗಿನಿಂದ ಒಳಕ್ಕೆ. ಅಲ್ಲಿ ಗೋಡೆ ಸೀಳುವ ಭಯಕ್ಕಿಂತ ನಜ್ಜುಗುಜ್ಜಾಗುವ ಭಯ ಜಾಸ್ತಿ. ಇಂಥ ಪ್ರಶ್ನೆಗಳಲ್ಲಿ ನಿಮ್ಮನ್ನು ಯಾವುದು ಎಳೆಯುತ್ತದೆ ಎಂದು ನೋಡಿ ಕೋರ್ಸ್ ಆರಿಸಿ. ಶಬ್ದಕ್ಕಿಂತ ವೇಗವಾದ ಹರಿವು, ಕಕ್ಷೆಗಳ ಲೆಕ್ಕ ಇವೇ ಬೇಕು ಎನ್ನುವವರಿಗೆ ಏರೋಸ್ಪೇಸೇ ಸರಿ. ಅಂಥವರು ಒಂದು ವರ್ಷ ಕಾದರೂ ನಾನು ತಪ್ಪು ಎನ್ನಲಾರೆ.

ಅರ್ಜಿಯ ಜೊತೆಗಿನ ಪ್ರಬಂಧದಲ್ಲೂ ಇದೇ ಗೊಂದಲ ಕಾಣುತ್ತದೆ. ‘ಬಾಲ್ಯದಿಂದಲೂ ಆಕಾಶ ನೋಡುತ್ತಿದ್ದೆ’ ಎಂಬ ಸಾಲು ಸುಮ್ನೆ ಜಾಗ ತಿನ್ನುತ್ತದೆ. ಒಬ್ಬ ಹುಡುಗಿ, ತಾನು ಮಾಡಿದ ಮಾದರಿ ದೋಣಿ ವೇಗ ಹೆಚ್ಚಿಸಿದಂತೆಲ್ಲ ಮೂತಿ ಎತ್ತುತ್ತಿದ್ದುದನ್ನು ಬರೆದಿದ್ದಳು. ಭಾರ ಎಲ್ಲೆಲ್ಲಿ ಸರಿಸಿದಳು, ಪ್ರತಿ ಸಲ ಏನಾಯಿತು, ಯಾವುದು ಕೊನೆಗೂ ಅರ್ಥವಾಗಲಿಲ್ಲ, ಎಲ್ಲ ಇತ್ತು. ಓದಿ ಬಹಳ ಖುಷಿಯಾಯಿತು. ಅವಳು ಅರ್ಜಿ ಹಾಕಿದ್ದು ಏರೋಸ್ಪೇಸ್‌ಗೆ. ದೋಣಿಯ ಕತೆ ಅದಕ್ಕೆ ಚೆನ್ನಾಗಿಯೇ ಹೊಂದಿತ್ತು.

ನಿಯಮಗಳು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಎರಡನೇ ವರ್ಷ ವಿಭಾಗ ಬದಲಿಸಬಹುದು ಎಂಬ ಬಾಯಿಮಾತನ್ನು ನಂಬಬೇಡಿ, ಲಿಖಿತ ನಿಯಮ ಕೇಳಿ. ವಿದೇಶಕ್ಕೆ ಹೋಗುವವರು ಇನ್ನೊಂದು ವಿಷಯ ವಿಚಾರಿಸಬೇಕು. ಹಲವು ದೇಶಗಳಲ್ಲಿ ರಕ್ಷಣೆಗೆ ಸಂಬಂಧಿಸಿದ ಕೆಲಸಗಳಿಗೆ ಆ ದೇಶದ ಪೌರತ್ವ ಬೇಕಾಗುತ್ತದೆ. ಯುದ್ಧವಿಮಾನಕ್ಕಷ್ಟೇ ಅಲ್ಲ, ಯುದ್ಧನೌಕೆಗೂ ಇದು ಅನ್ವಯಿಸಬಹುದು. ಫೀಸು ಕಟ್ಟುವ ಮೊದಲು ಎರಡೂ ಕೋರ್ಸ್‌ಗಳ ಮೂರನೇ ವರ್ಷದ ವಿಷಯಪಟ್ಟಿ ಅಕ್ಕಪಕ್ಕ ಇಟ್ಟು ಓದಿ. ಮೊದಲ ವರ್ಷದ್ದು ನೋಡಿ ಪ್ರಯೋಜನವಿಲ್ಲ, ಅದು ಬಹುತೇಕ ಒಂದೇ ಇರುತ್ತದೆ.