ಪ್ರಶ್ನೆ ಬದಲಾದರೆ ಲೆಕ್ಕವೂ ಬದಲು: ಜನಗಣತಿಯಲ್ಲಿ ಅಂಗವೈಕಲ್ಯ

ಮೊದಲು ಎರಡು ಅಂಕಿ ಬರೆದಿಟ್ಟುಕೊಳ್ಳಿ. 2001ರ ಜನಗಣತಿಯಲ್ಲಿ ದೃಷ್ಟಿ ವೈಕಲ್ಯ ಇದ್ದವರು ಸುಮಾರು 1.06 ಕೋಟಿ. 2011ರಲ್ಲಿ ಸುಮಾರು 50 ಲಕ್ಷ. ಹತ್ತೇ ವರ್ಷದಲ್ಲಿ ಅರ್ಧಕ್ಕರ್ಧ ಜನರಿಗೆ ಕಣ್ಣು ಬಂತೇ? ಗಣತಿದಾರರ ಕೈಪಿಡಿ ತೆಗೆದು ನೋಡಿ. 2001ರಲ್ಲಿ ಒಂದು ಕಣ್ಣಷ್ಟೇ ಸರಿಯಿದ್ದವರನ್ನೂ ಸೇರಿಸಿಕೊಳ್ಳಬೇಕಿತ್ತು, 2011ರಲ್ಲಿ ಅವರನ್ನು ಬಿಡಲು ಹೇಳಿದರು. ಕಣ್ಣು ಮಂಜು ಎಂದವರಿಗೆ ಒಳ್ಳೆಯ ಬೆಳಕಿನಲ್ಲಿ ಹತ್ತು ಅಡಿ ದೂರದಿಂದ ಬೆರಳು ಎಣಿಸುವ ಪರೀಕ್ಷೆ ಬೇರೆ. ಇಳಿಕೆಗೆ ಇದೊಂದೇ ಕಾರಣ ಎನ್ನಲಾಗದು, ಆದರೆ ಇದನ್ನು ಬಿಟ್ಟು ಆ ಎರಡು ಅಂಕಿಗಳನ್ನು ಹೋಲಿಸಿದರೆ ಉತ್ತರ ತಪ್ಪುತ್ತದೆ.

ಇನ್ನೂ ಮಜಾ ಇದೆ. ಅದೇ ಅವಧಿಯಲ್ಲಿ ಶ್ರವಣ ವೈಕಲ್ಯದ ಲೆಕ್ಕ 12.6 ಲಕ್ಷದಿಂದ 50 ಲಕ್ಷ ದಾಟಿತು. ಒಟ್ಟು ಪ್ರಮಾಣ ಮಾತ್ರ 2.13%ರಿಂದ 2.21%ಕ್ಕೆ, ಅಂದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಒಳಗೆಲ್ಲ ಅದಲುಬದಲಾಗಿದ್ದರೂ ಮೊತ್ತ ನೋಡಿದವರಿಗೆ ಏನೂ ಕಾಣದು.

ಇತಿಹಾಸ ಚುಟುಕಾಗಿ: 1872ರಿಂದ 1931ರವರೆಗೆ ಜನಗಣತಿಯಲ್ಲಿ ಅಂಗವೈಕಲ್ಯದ ಬಗ್ಗೆ ಕೇಳುತ್ತಿದ್ದರು, ಆಮೇಲೆ ಕೈಬಿಟ್ಟರು. ವಿಶ್ವಸಂಸ್ಥೆಯ ಅಂಗವಿಕಲರ ವರ್ಷವಾದ 1981ರಲ್ಲಿ ಮತ್ತೆ ಕೇಳಿದರು. 1991ರಲ್ಲಿ ಇಲ್ಲ. 2001ರಲ್ಲಿ ಐದು ಬಗೆ, 2011ರಲ್ಲಿ ಎಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21.

ಈಗ ಇನ್ನೊಂದು ದಾರಿ. ಅಂಗವೈಕಲ್ಯದ ಅಂಕಿಅಂಶಕ್ಕಾಗಿ 2001ರಲ್ಲಿ ವಿಶ್ವಸಂಸ್ಥೆಯಡಿ ಶುರುವಾದ ವಾಷಿಂಗ್ಟನ್ ಗ್ರೂಪ್ ಎಂಬ ತಂಡ ರೂಪಿಸಿದ ಕಿರು ಪಟ್ಟಿಯಲ್ಲಿ ಆರೇ ಪ್ರಶ್ನೆ: ನೋಡುವುದು (ಕನ್ನಡಕ ಹಾಕಿಕೊಂಡರೂ), ಕೇಳಿಸಿಕೊಳ್ಳುವುದು, ನಡೆಯುವುದು ಅಥವಾ ಮೆಟ್ಟಿಲು ಹತ್ತುವುದು, ನೆನಪು ಇಲ್ಲವೇ ಗಮನ, ಸ್ನಾನ-ಬಟ್ಟೆ, ಮಾತಿನ ಸಂವಹನ. ಉತ್ತರ ನಾಲ್ಕು: ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬ ಕಷ್ಟ, ಆಗುವುದೇ ಇಲ್ಲ. ಒಂದರಲ್ಲಾದರೂ ‘ತುಂಬ ಕಷ್ಟ’ ಅಥವಾ ‘ಆಗುವುದೇ ಇಲ್ಲ’ ಬಂದರೆ ಆ ವ್ಯಕ್ತಿ ಲೆಕ್ಕಕ್ಕೆ. ಅಂಗವೈಕಲ್ಯ ಎಂಬ ಪದವನ್ನು ಪ್ರಶ್ನೆಯಲ್ಲಿ ಎಲ್ಲೂ ಎತ್ತುವುದಿಲ್ಲ. ಇದರ ಜಾಣತನ ಇರುವುದೇ ಅಲ್ಲಿ. ಮಾನಸಿಕ ಕಾಯಿಲೆಗಳನ್ನು ಮಾತ್ರ ಈ ಆರು ಪ್ರಶ್ನೆ ಸರಿಯಾಗಿ ಹಿಡಿಯುವುದಿಲ್ಲ, ಪರೀಕ್ಷೆಗೆ ಓದುವವರು ಉತ್ತರದಲ್ಲಿ ಈ ಮಿತಿ ಬರೆಯಲು ಮರೆಯಬೇಡಿ.

ಆ ಜಾಣತನ ನನಗೆ ಅರ್ಥವಾಗಿದ್ದು ಮನೆಯಲ್ಲಿ. ಅಜ್ಜಿಯನ್ನು “ನಿಮಗೆ ಅಂಗವೈಕಲ್ಯ ಇದೆಯಾ?” ಎಂದು ಕೇಳಿದೆ. “ಬಿಡ್ತು ಅನ್ನು, ದೇವರು ಚೆನ್ನಾಗೇ ಇಟ್ಟಿದ್ದಾನೆ” ಎಂದರು. ಮೆಟ್ಟಿಲು ಹತ್ತುವುದು? “ಪರವಾಗಿಲ್ಲ.” ಇಲ್ಲಿ ಪೆನ್ನು ನಿಂತಿತು. ನಮ್ಮ ‘ಪರವಾಗಿಲ್ಲ’ ನಾಲ್ಕರಲ್ಲಿ ಯಾವುದು? ‘ಸ್ವಲ್ಪ ಕಷ್ಟ’ ಎಂದು ಗುರುತು ಹಾಕಿದರೆ ಅವರು ಲೆಕ್ಕದಿಂದಲೇ ಹೊರಗೆ. ಹಾಗಂತ ನಾವೇ ಊಹಿಸಿ ತುಂಬುವಂತಿಲ್ಲ. ನಾಲ್ಕೂ ಉತ್ತರ ಓದಿ ಹೇಳಿ ಇನ್ನೊಮ್ಮೆ ಕೇಳಿದೆ. “ಕಂಬಿ ಹಿಡ್ಕೊಂಡು, ನಡುವೆ ಎರಡು ಸಲ ಕೂತು ಹತ್ತೀನಿ. ತುಂಬ ಕಷ್ಟಾನೇ ಕಣೋ, ಹೇಳ್ಕೊಂಡು ಏನು ಮಾಡೋದು?”