ಪರದೆಯ ಹಿಂದೆ ಸಿಕ್ಕ ಚಕ್ರವರ್ತಿ

ಕ್ರಿ.ಶ. 41ರ ಜನವರಿ 24. ರೋಮ್‌ನ ಅರಮನೆಯಲ್ಲಿ ಚಕ್ರವರ್ತಿ ಕ್ಯಾಲಿಗುಲನ ಕೊಲೆಯಾಯಿತು. ಕೊಂದವರಲ್ಲಿ ಮುಂದೆ ನಿಂತವರು ಆತನದೇ ಕಾವಲುಪಡೆಯ ಅಧಿಕಾರಿಗಳು. ಆತನ ಹೆಂಡತಿ ಮತ್ತು ಪುಟ್ಟ ಮಗಳನ್ನೂ ಬಿಡಲಿಲ್ಲ. ಅರಮನೆ ತುಂಬ ಓಡಾಟ, ಕಿರುಚಾಟ. ಕ್ಯಾಲಿಗುಲನ ಚಿಕ್ಕಪ್ಪ ಕ್ಲಾಡಿಯಸ್ ಹೆದರಿ ಒಂದು ಪರದೆಯ ಹಿಂದೆ ಅಡಗಿಕೊಂಡ. ಪರದೆಯ ಕೆಳಗೆ ಇಣುಕುತ್ತಿದ್ದ ಪಾದಗಳು ಒಬ್ಬ ಸೈನಿಕನ ಕಣ್ಣಿಗೆ ಬಿದ್ದವು. ಎಳೆದು ಹೊರಗೆ ತಂದ. ಕ್ಲಾಡಿಯಸ್ ಅವನ ಕಾಲು ಹಿಡಿದು ಜೀವ ಉಳಿಸು ಎಂದು ಬೇಡಿಕೊಂಡ. ಸೈನಿಕ ಆತನನ್ನೇ ಚಕ್ರವರ್ತಿ ಎಂದು ಕರೆದು ವಂದಿಸಿದ.

ರೋಮನ್ ಇತಿಹಾಸಕಾರರು ಬರೆದಿಟ್ಟ ಈ ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ಆಮೇಲೆ ಏನಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಸೈನಿಕರು ಆತನನ್ನು ಪಲ್ಲಕ್ಕಿಯಲ್ಲಿ ಕೂರಿಸಿ ತಮ್ಮ ಶಿಬಿರಕ್ಕೆ ಹೊತ್ತೊಯ್ದರು. ಕ್ಲಾಡಿಯಸ್ ಹೇಗೆ ಆಳಿದ ಎಂದು ತಿಳಿಯಬೇಕಾದರೆ ಆ ಶಿಬಿರದ ಕಥೆ ಮೊದಲು ಗೊತ್ತಿರಬೇಕು.

ಚಕ್ರವರ್ತಿಯನ್ನು ಕಾಯುವ ಈ ಸೈನಿಕರ ಪಡೆಗೆ ಪ್ರಿಟೋರಿಯನ್ ಕಾವಲುಪಡೆ ಎಂದು ಹೆಸರು. ಅದನ್ನು ಕಟ್ಟಿದ್ದು ಮೊದಲ ಚಕ್ರವರ್ತಿ ಅಗಸ್ಟಸ್. ಒಟ್ಟು 9 ತುಕಡಿ. ಆತ ತುಂಬ ಎಚ್ಚರದ ಮನುಷ್ಯ. ರೋಮ್ ನಗರದೊಳಗೆ ಮೂರು ತುಕಡಿಗಿಂತ ಜಾಸ್ತಿ ಇಡಲಿಲ್ಲ, ಉಳಿದವನ್ನು ಸುತ್ತಲಿನ ಊರುಗಳಲ್ಲಿ ಚದುರಿಸಿಟ್ಟ. ಮುಂದಿನ ಚಕ್ರವರ್ತಿ ಟೈಬೀರಿಯಸ್ ಕಾಲದಲ್ಲಿ ಪಡೆಯ ಮುಖ್ಯಸ್ಥನಾಗಿದ್ದ ಸೆಜಾನಸ್ ಕ್ರಿ.ಶ. 23ರ ಹೊತ್ತಿಗೆ ಎಲ್ಲ ತುಕಡಿಗಳನ್ನೂ ನಗರದ ಅಂಚಿನ ಒಂದೇ ಶಿಬಿರಕ್ಕೆ ತಂದ. ಆ ಶಿಬಿರದ ಗೋಡೆಗಳು ಇವತ್ತಿಗೂ ರೋಮ್‌ನಲ್ಲಿವೆ. ಸಾವಿರಾರು ಸೈನಿಕರು ಒಂದೇ ಕಡೆ ಸೇರಿದ ಮೇಲೆ ಅವರಿಗೆ ತಮ್ಮ ಬಲ ತಿಳಿಯದೆ ಇರುತ್ತದೆಯೇ? ಹದಿನೆಂಟು ವರ್ಷಗಳ ಬಳಿಕ ಆ ಬಲ ಪರದೆಯ ಹಿಂದೆ ನಡುಗುತ್ತಿದ್ದ ಒಬ್ಬನನ್ನು ಹುಡುಕಿ ತೆಗೆಯಿತು.

ಅತ್ತ ರೋಮ್‌ನ ದೊಡ್ಡ ಮನೆತನದವರ ಆಡಳಿತ ಸಭೆಯಾದ ಸೆನೆಟ್‌ನ ಸದಸ್ಯರು ಸೇರಿದ್ದರು. ಚಕ್ರವರ್ತಿಗಳೇ ಬೇಡ, ಹಳೆಯ ಗಣರಾಜ್ಯವೇ ಮತ್ತೆ ಬರಲಿ ಎಂದು ಕೆಲವರು ವಾದಿಸಿದರು. ಇನ್ನು ಕೆಲವರಿಗೆ ತಾವೇ ಪಟ್ಟಕ್ಕೇರುವ ಆಸೆ. ಮಾತು ಮುಗಿಯುವಷ್ಟರಲ್ಲಿ ಶಿಬಿರದಲ್ಲಿ ವ್ಯವಹಾರ ಮುಗಿದಿತ್ತು. ಕ್ಲಾಡಿಯಸ್ ತಲಾ 15,000 ಸೆಸ್ಟರ್ಸ್ (ರೋಮನ್ ನಾಣ್ಯ) ಕೊಡುವುದಾಗಿ ಸೈನಿಕರಿಗೆ ಮಾತು ಕೊಟ್ಟಿದ್ದ. ಗಡಿಯಲ್ಲಿ ಕಾದಾಡುವ ಸಾಮಾನ್ಯ ಸೈನಿಕನ ವರ್ಷದ ಸಂಬಳ ಆಗ 900 ಸೆಸ್ಟರ್ಸ್. ಅಂದರೆ ಹದಿನಾರು ವರ್ಷಕ್ಕೂ ಹೆಚ್ಚಿನ ಸಂಬಳ! ಸೈನಿಕರ ನಿಷ್ಠೆಯನ್ನು ಹಣಕ್ಕೆ ಕೊಂಡ ಮೊದಲ ಚಕ್ರವರ್ತಿ ಎಂಬ ಮಾತು ಆತನಿಗೆ ಅಂಟಿಕೊಂಡಿತು. ಮರುದಿನ ಸೆನೆಟ್ ಒಪ್ಪಿಕೊಂಡಿತು. ಬೇರೆ ದಾರಿಯಾದರೂ ಎಲ್ಲಿತ್ತು?

ಈ ಋಣವನ್ನು ಕ್ಲಾಡಿಯಸ್ ಮುಚ್ಚಿಡಲಿಲ್ಲ. ಆತ ಹೊರಡಿಸಿದ ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳಲ್ಲಿ ಅದೇ ಶಿಬಿರದ ಗೋಡೆಯ ಚಿತ್ರವಿದೆ. ಇನ್ನೊಂದು ಬಗೆಯ ನಾಣ್ಯದಲ್ಲಿ ಆತ ಧ್ವಜ ಹಿಡಿದ ಸೈನಿಕನ ಕೈ ಹಿಡಿದು ನಿಂತಿದ್ದಾನೆ. (ಆತನ ನಾಣ್ಯಗಳು ನಮ್ಮ ನೆಲಕ್ಕೂ ಬಂದಿದ್ದವು. 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಕ್ಲಾಡಿಯಸ್‌ನವೂ ಇದ್ದವು.)

ಪಟ್ಟಕ್ಕೆ ಬಂದಾಗ ಆತನಿಗೆ 49 ವರ್ಷ. ಅಲ್ಲಿಯವರೆಗೆ ಮನೆಯವರು ಆತನನ್ನು ಮನುಷ್ಯ ಎಂದು ಎಣಿಸಿರಲಿಲ್ಲ. ನಡೆಯುವಾಗ ಕಾಲು ಎಳೆಯುತ್ತಿದ್ದ, ಮಾತು ತೊದಲುತ್ತಿತ್ತು, ತಲೆ ಅಲ್ಲಾಡುತ್ತಿತ್ತು. ಪ್ರಕೃತಿ ಶುರುಮಾಡಿ ಅರ್ಧಕ್ಕೆ ಬಿಟ್ಟ ಜೀವ ಎಂದು ಹೆತ್ತ ತಾಯಿ ಆಂಟೋನಿಯಾಳೇ ಹೇಳುತ್ತಿದ್ದಳಂತೆ. ಓದುವಾಗ ಮನಸ್ಸಿಗೆ ತುಂಬ ನೋವಾಗುವ ಮಾತು ಇದು. ಜನರ ಮುಂದೆ ತರಲು ನಾಚಿಕೊಂಡು ಆತನನ್ನು ಮೂಲೆಗೆ ಸರಿಸಿದ್ದರು. ಆ ಮೂಲೆಯಲ್ಲಿ ಕೂತು ಆತ ಓದಿದ, ಬರೆದ. ಇಟಲಿಯ ಪ್ರಾಚೀನ ಜನಾಂಗವಾದ ಎಟ್ರಸ್ಕನ್ನರ ಇತಿಹಾಸವನ್ನೇ 20 ಸಂಪುಟಗಳಲ್ಲಿ ಬರೆದ. ಒಂದೂ ಉಳಿದಿಲ್ಲ. ಆದರೆ ಆ ಓದು ಆಡಳಿತದಲ್ಲಿ ಕೆಲಸಕ್ಕೆ ಬಂತು.

ಪಟ್ಟವೇರಿದ ಮರುವರ್ಷವೇ ಡಾಲ್ಮೇಷಿಯಾದ ರಾಜ್ಯಪಾಲ ಸ್ಕ್ರಿಬೋನಿಯಾನಸ್ ದಂಗೆ ಎದ್ದ. ಆತನ ಸೈನಿಕರೇ ಹಿಂದೆ ಸರಿದಿದ್ದರಿಂದ ಐದೇ ದಿನದಲ್ಲಿ ದಂಗೆ ಮುಗಿಯಿತು. ಆದರೂ ಭಯ ಉಳಿಯಿತು. ಯುದ್ಧ ಗೆದ್ದವನೆಂಬ ಹೆಸರು ಕ್ಲಾಡಿಯಸ್‌ಗೆ ಬೇಕೇಬೇಕಿತ್ತು. ಕ್ರಿ.ಶ. 43ರಲ್ಲಿ ನಾಲ್ಕು ಲೀಜನ್‌ಗಳು, ಅಂದರೆ ರೋಮನ್ ಸೇನೆಯ ದೊಡ್ಡ ದಳಗಳು, ಬ್ರಿಟನ್‌ಗೆ ಹೊರಟವು. ಜೂಲಿಯಸ್ ಸೀಸರ್ ಹೋಗಿ ಹಿಂತಿರುಗಿದ್ದ ನೆಲ ಅದು. ಸೇನಾನಿ ಪ್ಲಾಟಿಯಸ್ ದಾರಿ ಮಾಡಿಕೊಟ್ಟ ಮೇಲೆ ಚಕ್ರವರ್ತಿ ಬಂದ. ಅಲ್ಲಿ 16 ದಿನ ಇದ್ದು, ಇಂದಿನ ಕಾಲ್ಚೆಸ್ಟರ್ ಇರುವ ಜಾಗದ ರಾಜಧಾನಿ ವಶವಾದದ್ದನ್ನು ನೋಡಿ, ರೋಮ್‌ಗೆ ಮರಳಿ ವಿಜಯೋತ್ಸವ ಮಾಡಿಸಿಕೊಂಡ. ಮಗನಿಗೆ ಬ್ರಿಟಾನಿಕಸ್ ಎಂಬ ಹೆಸರು ಬಂತು.

ಯುದ್ಧಕ್ಕಿಂತ ಅನ್ನದ ಲೆಕ್ಕ ಕಷ್ಟದ್ದು. ರೋಮ್‌ನ ಧಾನ್ಯದ ಬಹುಪಾಲು ಈಜಿಪ್ಟ್ ಮತ್ತು ಉತ್ತರ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತಿತ್ತು. ಚಳಿಗಾಲದಲ್ಲಿ ಸಮುದ್ರ ಕೆಟ್ಟರೆ ಊರಿಗೆ ಊರೇ ಹಸಿಯಬೇಕಿತ್ತು. ಒಮ್ಮೆ ಧಾನ್ಯ ಕಡಿಮೆಯಾದಾಗ ಜನ ಊರಿನ ಮುಖ್ಯ ಚೌಕವಾದ ಫೋರಂನಲ್ಲಿ ಚಕ್ರವರ್ತಿಯನ್ನೇ ಸುತ್ತುವರಿದು ಬೈದು, ರೊಟ್ಟಿಯ ಒಣ ಚೂರುಗಳನ್ನು ಎಸೆದರು. ಆತ ಹಿಂಬಾಗಿಲಿನಿಂದ ಅರಮನೆ ಸೇರಬೇಕಾಯಿತು. ಕ್ಲಾಡಿಯಸ್ ಜನರ ಮೇಲೆ ಸೇಡು ತೀರಿಸಿಕೊಳ್ಳಲಿಲ್ಲ. ಚಳಿಗಾಲದಲ್ಲೂ ಧಾನ್ಯ ತರುವ ವರ್ತಕರಿಗೆ ಬಿರುಗಾಳಿಯಿಂದ ನಷ್ಟವಾದರೆ ತಾನೇ ತುಂಬಿಕೊಡುವುದಾಗಿ ಹೇಳಿದ. ಧಾನ್ಯದ ಹಡಗು ಕಟ್ಟಿಸುವವರಿಗೆ ಕಾನೂನಿನಲ್ಲಿ ವಿಶೇಷ ಸವಲತ್ತು ಕೊಟ್ಟ. ರೋಮ್‌ನ ಹಳೆಯ ಬಂದರು ಊರಾದ ಆಸ್ಟಿಯಾದ ಉತ್ತರಕ್ಕೆ ಹೊಸ ಬಂದರಿನ ಕೆಲಸವನ್ನು ಆಳ್ವಿಕೆಯ ಆರಂಭದಲ್ಲೇ ಶುರುಮಾಡಿಸಿದ್ದ. ಖರ್ಚೆಷ್ಟು ಎಂದು ಕೇಳಿದಾಗ ಶಿಲ್ಪಿಗಳು ಬೇಡವೆಂದೇ ಹೇಳಿದ್ದರಂತೆ. ಆತ ಬಿಡಲಿಲ್ಲ. ಕ್ಯಾಲಿಗುಲ ಈಜಿಪ್ಟಿನಿಂದ ದೊಡ್ಡ ಕಲ್ಲಿನ ಕಂಬ ತರಿಸಿದ್ದ ಭಾರಿ ಹಡಗನ್ನು ಮುಳುಗಿಸಿ, ಅದರ ಮೇಲೆಯೇ ದೀಪಸ್ತಂಭ ಎಬ್ಬಿಸಿದರು. ಆ ಕಂಬ ಈಗ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚೌಕದಲ್ಲಿದೆ. ಕ್ಯಾಲಿಗುಲ ಅರ್ಧಕ್ಕೆ ಬಿಟ್ಟಿದ್ದ, ಸುಮಾರು 69 ಕಿ.ಮೀ. ಉದ್ದದ ನೀರಿನ ಕಾಲುವೆಯನ್ನೂ ಕ್ರಿ.ಶ. 52ರಲ್ಲಿ ಮುಗಿಸಿದ.

ಇಷ್ಟೆಲ್ಲ ಕೆಲಸ ಮಾಡಿಸಿದವರು ಯಾರು? ಸೆನೆಟ್‌ನ ದೊಡ್ಡ ಮನೆತನದವರಲ್ಲ. ಅವರಿಗೆ ಆತನ ಮೇಲೆ ನಂಬಿಕೆಯಿಲ್ಲ, ಆತನಿಗೆ ಅವರ ಮೇಲೆ ಇಲ್ಲ. ಹಾಗಾಗಿ ಮನೆಯಲ್ಲಿ ಗುಲಾಮರಾಗಿದ್ದು ಬಿಡುಗಡೆ ಪಡೆದವರ ಕೈಗೆ ಆಡಳಿತ ಹೋಯಿತು. ಪತ್ರವ್ಯವಹಾರ ನಾರ್ಸಿಸಸ್‌ನದು, ಹಣಕಾಸು ಪಲ್ಲಾಸ್‌ನದು, ಅರ್ಜಿಗಳು ಕ್ಯಾಲಿಸ್ಟಸ್‌ನವು. ಸರಿಯಾದ ಇಲಾಖೆಗಳೇ ಇಲ್ಲದ ಸಾಮ್ರಾಜ್ಯದಲ್ಲಿ ಇದು ಕಚೇರಿ ಆಡಳಿತ ಬೆಳೆದ ದಾರಿ. ಆದರೆ ಅವರು ಅಪಾರ ಹಣವನ್ನೂ ಮಾಡಿಕೊಂಡರು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಕ್ರಿ.ಶ. 48ರ ಭಾಷಣ. ಗಾಲ್ ಪ್ರದೇಶದ, ಅಂದರೆ ಇಂದಿನ ಫ್ರಾನ್ಸ್ ಕಡೆಯ, ಮುಖಂಡರು ಸೆನೆಟ್‌ಗೆ ಪ್ರವೇಶ ಕೇಳಿದರು. ಸೋತವರ ಮಕ್ಕಳು ನಮ್ಮ ಪಕ್ಕ ಕೂರುವುದೇ ಎಂದು ಹಳಬರು ಕೆರಳಿದರು. ಕ್ಲಾಡಿಯಸ್ ತಾನು ಓದಿದ ಇತಿಹಾಸವನ್ನೇ ಅವರ ಮುಂದಿಟ್ಟ. ರೋಮ್‌ನ ಹಳೆಯ ರಾಜರೇ ಹೊರಗಿನವರಲ್ವಾ? ನೂಮಾ ಸಬೈನ್ ಕಡೆಯವನು, ಟಾರ್ಕ್ವಿನ್‌ನ ತಂದೆ ಗ್ರೀಸಿನ ಕೊರಿಂಥ್‌ನವನು. ಇದು ಹೊಸತು ಎಂದು ಬೆಚ್ಚಬೇಡಿ, ಈ ಊರಿನಲ್ಲಿ ಎಷ್ಟೊಂದು ಸಂಗತಿ ಒಂದು ಕಾಲಕ್ಕೆ ಹೊಸದಾಗಿಯೇ ಬಂದಿವೆ ಎಂಬುದು ಆತನ ವಾದ. ಗಾಲ್‌ನವರಲ್ಲಿ ಮೊದಲು ಎಡುಯಿ ಜನಾಂಗದವರಿಗೆ ಬಾಗಿಲು ತೆರೆಯಿತು. ಆ ಭಾಷಣ ಕೆತ್ತಿದ ಕಂಚಿನ ಫಲಕ 1528ರಲ್ಲಿ ಲಿಯಾನ್‌ನಲ್ಲಿ ನೆಲದಡಿ ಸಿಕ್ಕಿತು. ಕ್ಲಾಡಿಯಸ್ ಹುಟ್ಟಿದ ಊರೂ ಅದೇ. ಮೂಲೆಗೆ ಸರಿಸಿದವನ ಮಾತು ಹೀಗೆ ಉಳಿದಿದೆ. ಕಾಯಿಲೆ ಬಿದ್ದ ಗುಲಾಮರನ್ನು ಟೈಬರ್ ನದಿಯ ದ್ವೀಪದಲ್ಲಿ ಬಿಟ್ಟು ಹೋಗುವ ಯಜಮಾನರಿದ್ದರು. ಹಾಗೆ ಬಿಟ್ಟವರು ಗುಣವಾದರೆ ಸ್ವತಂತ್ರರು, ಬಿಡುವ ಬದಲು ಕೊಂದರೆ ಅದು ಕೊಲೆ ಎಂದು ಆಜ್ಞೆ ಮಾಡಿದವನೂ ಆತನೇ.

ಆದರೆ ಅದೇ ಕೈ ಬಹಳ ಜನರನ್ನು ಕೊಲ್ಲಿಸಿತು. 35 ಸೆನೆಟರ್‌ಗಳು, 300ಕ್ಕೂ ಹೆಚ್ಚು ಶ್ರೀಮಂತ ವರ್ಗದವರು ಎಂಬ ಲೆಕ್ಕ ದಾಖಲಾಗಿದೆ. ಪರದೆಯ ಹಿಂದಿನ ಭಯ ಹೋಗಲೇ ಇಲ್ಲ ಅನಿಸುತ್ತದೆ. ಆತನನ್ನು ನೋಡಲು ಬಂದವರನ್ನೆಲ್ಲ ತಡಕಿ ನೋಡಿಯೇ ಒಳಗೆ ಬಿಡುತ್ತಿದ್ದರು.

ಅಪಾಯ ಬಂದದ್ದು ಮನೆಯೊಳಗಿಂದ. ಹೆಂಡತಿ ಮೆಸ್ಸಲೀನಾಳ ಮರಣದಂಡನೆಯಾದ ಬಳಿಕ, ಕ್ರಿ.ಶ. 49ರಲ್ಲಿ ಆತ ಅಣ್ಣನ ಮಗಳು ಅಗ್ರಿಪ್ಪಿನಾಳನ್ನೇ ಮದುವೆಯಾದ. ಅದಕ್ಕಾಗಿ ಕಾನೂನನ್ನೇ ಬದಲಿಸಬೇಕಾಯಿತು. ಮರುವರ್ಷ ಆಕೆಯ ಮಗ ನೀರೋನನ್ನು ದತ್ತು ತೆಗೆದುಕೊಂಡ. ಕ್ರಿ.ಶ. 54ರ ಅಕ್ಟೋಬರ್ 13ರಂದು ಕ್ಲಾಡಿಯಸ್ ಸತ್ತ. ಅಣಬೆಯಲ್ಲಿ ವಿಷ ಹಾಕಿದರು ಎಂದು ಅಂದಿನಿಂದಲೂ ಹೇಳುತ್ತಾರೆ.

ಆ ಮಧ್ಯಾಹ್ನ ಅರಮನೆಯ ಬಾಗಿಲು ತೆರೆಯಿತು. ಕಾವಲುಪಡೆಯ ಮುಖ್ಯಸ್ಥ ಬರಸ್ ಜೊತೆ 16 ವರ್ಷದ ನೀರೋ ಹೊರಗೆ ಬಂದ. ಸೈನಿಕರಲ್ಲಿ ಕೆಲವರು ಹಿಂದೆ ತಿರುಗಿ, ಕ್ಲಾಡಿಯಸ್‌ನ ಸ್ವಂತ ಮಗ ಬ್ರಿಟಾನಿಕಸ್ ಎಲ್ಲಿ ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನೀರೋನನ್ನು ಪಲ್ಲಕ್ಕಿಯಲ್ಲಿ ಅದೇ ಶಿಬಿರಕ್ಕೆ ಹೊತ್ತೊಯ್ದರು. ತಂದೆ ಕೊಟ್ಟಷ್ಟೇ ಹಣವನ್ನು ತಾನೂ ಕೊಡುವುದಾಗಿ ಹುಡುಗ ಹೇಳಿದ. ಸೈನಿಕರು ಜಯಕಾರ ಹಾಕಿದರು. ಆಮೇಲೆ ಸೆನೆಟ್ ಒಪ್ಪಿಗೆ ಕೊಟ್ಟಿತು.